ಬೆನ್ನು, ಕುತ್ತಿಗೆ ನೋವಿಗೆ ಮೂರು ಆ್ಯಪ್‌ ಹಾಕಿಕೊಂಡಿದ್ದೇನೆ: ಯಾವುದನ್ನು ಉಳಿಸಿಕೊಳ್ಳಲಿ, ಯಾವುದನ್ನು ಅಳಿಸಲಿ?

ಕುರ್ಚಿವಾಸಿ
ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿಂದ ನನ್ನ ಕೆಳಬೆನ್ನು, ಕುತ್ತಿಗೆ ಎರಡೂ ನೋಯುತ್ತಿವೆ. ದಿನಕ್ಕೆ ಒಂಬತ್ತು ಗಂಟೆ ಪರದೆಯ ಮುಂದೆ ಕೂರುವ ಕೆಲಸ ನನ್ನದು. ವೈದ್ಯರು ಕೈಕಾಲುಗಳ ಬಲವನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿ, ಹೆದರುವಂಥದ್ದೇನೂ ಇಲ್ಲ, ಸದ್ಯಕ್ಕೆ ಸ್ಕ್ಯಾನ್ ಕೂಡ ಬೇಡ, ಓಡಾಟ ಹೆಚ್ಚಿಸಿ, ವ್ಯಾಯಾಮ ರೂಢಿಸಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಆ ರೂಢಿಸಿಕೊಳ್ಳುವುದೇ ನನ್ನಿಂದ ಆಗದ ಕೆಲಸವಾದ್ದರಿಂದ ಫೋನಿನ ಮೊರೆ ಹೊಕ್ಕೆ.

ಈಗ ನನ್ನ ಫೋನಿನಲ್ಲಿ ಮೂರು ಆ್ಯಪ್‌ಗಳಿವೆ. ಮೊದಲನೆಯದು ನಾನು ಫೋನನ್ನು ತಗ್ಗಿಸಿ ಹಿಡಿದಾಗಲೆಲ್ಲ ಗುರ್ ಎಂದು ನಡುಗಿ, ತಲೆ ಎತ್ತುವಂತೆ ಎಚ್ಚರಿಸುತ್ತದೆ. ಎರಡನೆಯದು ವಾರಕ್ಕೊಮ್ಮೆ ಹತ್ತಾರು ಪ್ರಶ್ನೆ ಕೇಳಿ, ಆ ವಾರದ ವ್ಯಾಯಾಮಗಳನ್ನು ವಿಡಿಯೊ ಸಮೇತ ಕೊಡುತ್ತದೆ. ಮೂರನೆಯದು ನೋವಿನ ದಿನಚರಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು.

ನನ್ನ ತೊಂದರೆ ಶುರುವಾದದ್ದು ಈ ಮೂರನೆಯದರಿಂದ. ಮೊದಲು ಕೆಲಸದ ಮಧ್ಯೆ ನೋವನ್ನು ಮರೆತುಬಿಡುವ ಗಳಿಗೆಗಳು ಇರುತ್ತಿದ್ದವು. ಈಗ ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ ನೋವು ಎಲ್ಲಿದೆ, ಎಷ್ಟಿದೆ ಎಂದು ನಾನೇ ಹುಡುಕಿಕೊಂಡು ಹೋಗುತ್ತೇನೆ, ಅದು ಸಿಕ್ಕೇ ಸಿಗುತ್ತದೆ. ಎರಡನೆಯ ಆ್ಯಪ್‌ನಲ್ಲಿ 23 ದಿನ ಸತತವಾಗಿ ವ್ಯಾಯಾಮ ಮಾಡಿ, 24ನೆಯ ದಿನ ತಪ್ಪಿದಾಗ, ಬೆನ್ನಿಗಿಂತ ಹೆಚ್ಚು ಮನಸ್ಸೇ ನೊಂದಿತು. ಇವುಗಳಲ್ಲಿ ಯಾವುದಕ್ಕಾದರೂ ನಿಜವಾದ ಆಧಾರವಿದೆಯೇ? ಬಳಸಿದವರು ದಯವಿಟ್ಟು ತಿಳಿಸಿ.

ಅನುಮಾನಪ್ಪ
ಮೂರನ್ನೂ ಅಳಿಸಿ. ಕುತ್ತಿಗೆ ಬಗ್ಗಿಸಿದ ಯಂತ್ರದ ಹತ್ತಿರವೇ ಕುತ್ತಿಗೆಗೆ ಮದ್ದು ಕೇಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ ಬೀಳುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರೆ.

ಅಂಕಿಪ್ರೇಮಿ
ಆ 27 ಕಿಲೋ ಎಲ್ಲಿಂದ ಬಂತೆಂದು ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಅತಿ ಹೆಚ್ಚು ಓಡಾಡುವ ಅಂಕಿ ಅದೇ. ಕೆನೆತ್ ಹನ್ಸ್‌ರಾಜ್ ಎಂಬ ಬೆನ್ನುಮೂಳೆ ಶಸ್ತ್ರಚಿಕಿತ್ಸಕರು 2014ರಲ್ಲಿ ಪ್ರಕಟಿಸಿದ ಲೆಕ್ಕವದು. ಅದು ಕಂಪ್ಯೂಟರ್ ಮಾದರಿಯ ಲೆಕ್ಕವೇ ಹೊರತು, ಜನರ ಕುತ್ತಿಗೆಯಲ್ಲಿ ಅಳೆದದ್ದಲ್ಲ. ಅಷ್ಟು ಭಾರ ಬಿದ್ದರೆ ನೋವು ಬರುತ್ತದೆಯೇ ಎಂಬುದನ್ನು ಆ ಲೆಕ್ಕ ಪರೀಕ್ಷಿಸಿಯೂ ಇಲ್ಲ. ಬ್ರೆಜಿಲ್‌ನಲ್ಲಿ 18ರಿಂದ 21 ವರ್ಷದ 150 ಯುವಜನರು ಫೋನ್ ನೋಡುವಾಗಿನ ಭಂಗಿಯನ್ನು ಪರಿಶೀಲಿಸಿದ 2018ರ ಅಧ್ಯಯನದಲ್ಲಿ, ಬಗ್ಗಿದ ಕುತ್ತಿಗೆಗೂ ಕುತ್ತಿಗೆ ನೋವಿಗೂ ಸಂಬಂಧವೇ ಕಾಣಲಿಲ್ಲ.

ಆದ್ದರಿಂದ ಕುರ್ಚಿವಾಸಿಯವರೇ, ನಡುಗುವ ಆ್ಯಪ್‌ ಅನ್ನು ಅಳಿಸಬೇಕೆಂಬಲ್ಲಿ ಅನುಮಾನಪ್ಪನವರ ಮಾತಿಗೆ ನನ್ನ ಒಪ್ಪಿಗೆಯಿದೆ. ಅವರು ಕೊಟ್ಟ ಕಾರಣ ಮಾತ್ರ ತಪ್ಪು.

ಅನುಮಾನಪ್ಪ
ಕಾರಣ ತಪ್ಪಾದರೂ ತೀರ್ಪು ಸರಿಯಾಯಿತಲ್ಲ, ನನಗಷ್ಟು ಸಾಕು.

ಚಲನೆ
ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಭಂಗಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಎಲ್ಲರಿಗೂ ಸರಿಹೊಂದುವ ‘ಸರಿಯಾದ ಭಂಗಿ’ ಎಂಬುದೊಂದಿಲ್ಲ. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು ಕಷ್ಟ, ಅದು ಎಷ್ಟೇ ನೆಟ್ಟಗಿನ ಭಂಗಿಯಾಗಿದ್ದರೂ ಸರಿ. ನಡುಗುವ ಆ್ಯಪ್‌ ಬಳಸಿದ ಕೆಲವರು ನನ್ನ ಬಳಿ ಬಂದಾಗ ಭುಜವನ್ನು ಬಿಗಿಹಿಡಿದು, ಗಲ್ಲವನ್ನು ಒಳಗೆ ಎಳೆದುಕೊಂಡು, ಮೆರವಣಿಗೆಯ ಸಿಪಾಯಿಯಂತೆ ಕೂತಿರುತ್ತಾರೆ. ಅವರಿಗೆ ನಾನು ಮೊದಲು ಹೇಳಿಕೊಡಬೇಕಾದದ್ದು ಸಡಿಲವಾಗಿ ಕೂರುವುದನ್ನು.

ಅರ್ಧ ಗಂಟೆಗೊಮ್ಮೆ ಏಳಬೇಕೆಂದು ನೆನಪಿಸುವ ಸಾಮಾನ್ಯ ಗಡಿಯಾರ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಹಾಗೆಂದು ಎಲ್ಲ ಆ್ಯಪ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಿಮ್ಮ ಎರಡನೆಯ ಆ್ಯಪ್‌ನ ಜಾತಿ ಬೇರೆ.

ಎಡಬದಿಮಲಗುವವ
ದಿಂಬು ಬದಲಿಸಿ ನೋಡಿದ್ದೀರಾ? ನನ್ನ ಕುತ್ತಿಗೆ ನೋವು ದಿಂಬು ಬದಲಿಸಿದ ವಾರದಲ್ಲೇ ಹೋಯಿತು.

ಅನುಮಾನಪ್ಪ
ಬಹುಪಾಲು ಕುತ್ತಿಗೆ ನೋವುಗಳು ಏನನ್ನೂ ಬದಲಿಸದಿದ್ದರೂ ಕೆಲವು ವಾರಗಳಲ್ಲಿ ತಾವಾಗಿಯೇ ತಗ್ಗುತ್ತವೆ. ದಿಂಬಿನ ಪುಣ್ಯ ಎಷ್ಟು, ದಿನಗಳ ಪುಣ್ಯ ಎಷ್ಟು ಎಂದು ಯಾರು ಬಲ್ಲರು?

ಎಡಬದಿಮಲಗುವವ
ಅದೇ ಮಾತು ನಿಮ್ಮೆಲ್ಲರ ಆ್ಯಪ್‌ಗಳಿಗೂ ಅನ್ವಯಿಸುತ್ತದೆ, ಸ್ವಾಮಿ.

ಅಂಕಿಪ್ರೇಮಿ
ಅನ್ವಯಿಸುತ್ತದೆ, ಅದಕ್ಕಾಗಿಯೇ ಆ್ಯಪ್‌ ಕೊಟ್ಟ ಗುಂಪನ್ನು ಕೊಡದ ಗುಂಪಿನೊಂದಿಗೆ ಹೋಲಿಸುವ ಪ್ರಯೋಗಗಳು ಬೇಕಾಗುವುದು. ಅಂಥವು ಕೆಲವೇ ಇವೆ. ಕೆಳಬೆನ್ನು ನೋವಿನ ಆ್ಯಪ್‌ಗಳನ್ನು ಕುರಿತ 2016ರ ಒಂದು ಸಮೀಕ್ಷೆ 61 ಆ್ಯಪ್‌ಗಳನ್ನು ಪರಿಶೀಲಿಸಿ, ಅವುಗಳ ಗುಣಮಟ್ಟ ಒಟ್ಟಾರೆ ಕಳಪೆ ಎಂದು ಹೇಳಿತ್ತು. ಆ ಬಳಿಕ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ‘ಸೆಲ್ಫ್‌ಬ್ಯಾಕ್’ ಎಂಬ ಆ್ಯಪ್‌. ಐರೋಪ್ಯ ಒಕ್ಕೂಟದ ಸಂಶೋಧನಾ ಹಣದಿಂದ ರೂಪುಗೊಂಡ ಅದನ್ನು ಡೆನ್ಮಾರ್ಕ್ ಮತ್ತು ನಾರ್ವೆಯಲ್ಲಿ ಕೆಳಬೆನ್ನು ನೋವಿದ್ದ 461 ವಯಸ್ಕರ ಮೇಲೆ ಪ್ರಯೋಗಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ ಆ್ಯಪ್‌. ನೋವು ದಿನನಿತ್ಯದ ಕೆಲಸಗಳಿಗೆ ಎಷ್ಟು ಅಡ್ಡಿಯಾಗುತ್ತಿದೆ ಎಂಬುದನ್ನು ಅಳೆಯುವ 24 ಅಂಕಗಳ ರೋಲಂಡ್‌–ಮಾರಿಸ್ ಪ್ರಶ್ನಾವಳಿಯನ್ನು ಮೂರು ತಿಂಗಳ ಬಳಿಕ ತುಂಬಿಸಿದಾಗ, ಎರಡು ಗುಂಪುಗಳ ಸರಾಸರಿ ವ್ಯತ್ಯಾಸ 0.79 ಅಂಕ ಮಾತ್ರ.

ಅನುಮಾನಪ್ಪ
ಇಪ್ಪತ್ನಾಲ್ಕರಲ್ಲಿ ಮುಕ್ಕಾಲು ಅಂಕ! ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಇವರಿಗಾಗಿಯೇ ಮಾಡಿರಬೇಕು.

ಅಂಕಿಪ್ರೇಮಿ
ಪೂರ್ತಿ ಕೇಳಿ. ಸರಾಸರಿ ಎಂಬುದು ಹಲವು ಬಾರಿ ಮುಖ್ಯವಾದದ್ದನ್ನೇ ಮುಚ್ಚಿಡುತ್ತದೆ. ಕನಿಷ್ಠ ನಾಲ್ಕು ಅಂಕಗಳಷ್ಟು ಸುಧಾರಿಸಿದವರು ಎಷ್ಟು ಮಂದಿ ಎಂದು ಎಣಿಸಿದರೆ, ಆ್ಯಪ್‌ ಪಡೆದವರಲ್ಲಿ 52 ಪ್ರತಿಶತ, ಪಡೆಯದವರಲ್ಲಿ 39 ಪ್ರತಿಶತ. ಅಂದರೆ ಆ್ಯಪ್‌ ಪಡೆದ ಸುಮಾರು ಎಂಟು ಜನರಲ್ಲಿ ಒಬ್ಬರಿಗೆ, ಅದಿಲ್ಲದೆ ಆಗದಿದ್ದ ಸುಧಾರಣೆ ಆಗಿದೆ. ಇದನ್ನು ದೊಡ್ಡದೆನ್ನಲಾಗದು, ಸೊನ್ನೆಯೆಂದೂ ಹೇಳಲಾಗದು.

ಒಂದು ತಕರಾರು ನನಗೂ ಇದೆ. ಹೋಲಿಕೆಯ ಗುಂಪಿಗೆ ಹೊಸದೇನನ್ನೂ ಕೊಟ್ಟಿರಲಿಲ್ಲ. ತಮಗೊಂದು ಹೊಸ ಸಾಧನ ಸಿಕ್ಕಿದೆ ಎಂಬ ಹುರುಪಿನಿಂದಲೇ ಒಂದಿಷ್ಟು ಜನ ತಮ್ಮ ಸ್ಥಿತಿ ಸುಧಾರಿಸಿದೆ ಎಂದು ಬರೆದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಚಲನೆ
ಅಂಕಿಪ್ರೇಮಿಯವರು 2023ರ ಪ್ರಯೋಗವನ್ನು ಬಿಟ್ಟುಬಿಟ್ಟರು, ಅದನ್ನೂ ಹೇಳಬೇಕು. ಅದೇ ಆ್ಯಪ್‌ ಅನ್ನು ತಜ್ಞರ ಚಿಕಿತ್ಸೆಗೆಂದು ಕಳುಹಿಸಲ್ಪಟ್ಟಿದ್ದ, ಬೆನ್ನು ಅಥವಾ ಕುತ್ತಿಗೆ ನೋವಿನ 294 ರೋಗಿಗಳಿಗೆ ಪ್ರಯೋಗಿಸಿದಾಗ, ಮಾಮೂಲಿ ಚಿಕಿತ್ಸೆಗೂ ಅದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಂಡುಬರಲಿಲ್ಲ. ಅಲ್ಲಿದ್ದ ಮೂರನೆಯ ಗುಂಪಿಗೆ ಸಾಮಾನ್ಯ ಮಾಹಿತಿಯ ಜಾಲತಾಣವೊಂದನ್ನು ಕೊಟ್ಟಿದ್ದರು. ಆ್ಯಪ್‌ ಅದನ್ನೂ ಹಿಂದೆ ಹಾಕಲಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಹೀಗೆ: ಸಾಧಾರಣ ನೋವಿಗೆ ಸ್ಥಳೀಯ ವೈದ್ಯರನ್ನು ಕಂಡು ಬಂದವರಿಗೆ ಆ್ಯಪ್‌ ಸ್ವಲ್ಪ ಮಟ್ಟಿಗೆ ಆಸರೆಯಾದೀತು, ಹಲವು ಚಿಕಿತ್ಸೆಗಳನ್ನು ದಾಟಿ, ನಿದ್ದೆ ಕೆಟ್ಟು, ಕೆಲಸಕ್ಕೆ ರಜೆ ಹಾಕಿ ತಜ್ಞರ ಬಾಗಿಲಿಗೆ ಬಂದವರಿಗೆ ಅದೊಂದೇ ಸಾಲದು. ಕುರ್ಚಿವಾಸಿಯವರು ಮೊದಲ ಗುಂಪಿಗೆ ಹತ್ತಿರದವರು.

ಕುರ್ಚಿವಾಸಿ
ಚಲನೆಯವರೇ, ಆ್ಯಪ್‌ ನನಗೇ ಹೊಂದುವ ವ್ಯಾಯಾಮ ಕೊಡುತ್ತದೆ ಎಂದು ಹೇಳಿಕೊಳ್ಳುತ್ತದೆ. ಅದು ನಿಜವಾಗಿ ಹೇಗೆ ಗೊತ್ತುಮಾಡುತ್ತದೆ?

ಕೋಡುಗಾರ
ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇಂಥದೊಂದು ಆ್ಯಪ್‌ ಕಟ್ಟುವ ತಂಡದಲ್ಲಿ ಎರಡು ವರ್ಷ ದುಡಿದಿದ್ದೇನೆ. ಹೆಚ್ಚಿನ ಆ್ಯಪ್‌ಗಳಲ್ಲಿ ‘ನಿಮಗಾಗಿಯೇ’ ಎಂಬುದರ ಹಿಂದೆ ಇರುವುದು ಸರಳವಾದ ಕವಲುಗಳು: ವಯಸ್ಸು ಇಷ್ಟು, ನೋವು ಇಲ್ಲಿ, ತೀವ್ರತೆ ಇಷ್ಟು ಎಂದರೆ ವ್ಯಾಯಾಮಗಳ ಮೂರನೆಯ ಕಟ್ಟು, ಇಲ್ಲವಾದರೆ ನಾಲ್ಕನೆಯ ಕಟ್ಟು. ಸೆಲ್ಫ್‌ಬ್ಯಾಕ್ ಬಳಸಿದ ವಿಧಾನ ಅದಕ್ಕಿಂತ ಚೊಕ್ಕವಾದದ್ದು. ನಿಮ್ಮನ್ನು ಹೋಲುವ ಹಿಂದಿನ ಬಳಕೆದಾರರನ್ನು ಹುಡುಕಿ, ಅವರಲ್ಲಿ ಯಾರಿಗೆ ಯಾವ ಯೋಜನೆ ಫಲಿಸಿತೆಂದು ನೋಡಿ, ಅದನ್ನೇ ನಿಮಗೂ ಸೂಚಿಸುತ್ತದೆ. ಹಳೆಯ ವೈದ್ಯರು ಹಳೆಯ ರೋಗಿಗಳನ್ನು ನೆನಪಿಸಿಕೊಂಡು ಮದ್ದು ಬರೆಯುವ ಹಾಗೆ.

ಕ್ಯಾಮೆರಾ ನೋಡಿ ವ್ಯಾಯಾಮ ತಿದ್ದುವ ಆ್ಯಪ್‌ಗಳ ಬಗ್ಗೆಯೂ ಒಂದು ಎಚ್ಚರಿಕೆ. ಅವು ಭುಜ, ಮೊಣಕೈ, ಸೊಂಟ, ಮೊಣಕಾಲುಗಳಂಥ ಬಿಂದುಗಳನ್ನು ಗುರುತಿಸಿ ಅವುಗಳ ನಡುವಿನ ಕೋನ ಅಳೆಯುತ್ತವೆ. ಮೊಣಕಾಲು ಎಷ್ಟು ಮಡಿಸಿದೆ ಎಂಬುದು ಅದಕ್ಕೆ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಭುಜಕ್ಕೂ ಸೊಂಟಕ್ಕೂ ಮಧ್ಯೆ ಇರುವ ಬೆನ್ನುಮೂಳೆಯನ್ನು ಅದು ಒಂದು ನೇರ ಗೆರೆಯೆಂದೇ ಭಾವಿಸುತ್ತದೆ. ಸಡಿಲ ಬಟ್ಟೆ ತೊಟ್ಟಿದ್ದರೆ ಆ ಗೆರೆಯೂ ಊಹೆಯೇ. ಬೆನ್ನಿನ ಆ್ಯಪ್‌ಗೆ ಬೆನ್ನೇ ಕಾಣದಿರುವುದು ನಮ್ಮ ತಂಡದೊಳಗಿನ ಹಳೆಯ ನಗೆಚಾಟಿಕೆ.

ಮೌನಓದುಗ
ಇಷ್ಟು ವರ್ಷ ಬರೀ ಓದುತ್ತಿದ್ದವನು, ಆ ಕೊನೆಯ ವಾಕ್ಯಕ್ಕಾಗಿ ಲಾಗಿನ್ ಆದೆ.

ಚಲನೆ
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಅಪಾಯ ಇರುವುದು ಇಲ್ಲಿಯೇ. ಕೆಲವರಿಗೆ ಹಿಂದಕ್ಕೆ ಬಾಗಿದರೆ ಹಾಯೆನಿಸುತ್ತದೆ, ಕೆಲವರಿಗೆ ಮುಂದಕ್ಕೆ ಬಾಗಿದರೆ. ನ್ಯೂಜಿಲೆಂಡ್‌ನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಅವರಿಗೆ 1956ರಲ್ಲಿ ಇದು ಹೊಳೆದದ್ದೇ ಆಕಸ್ಮಿಕವಾಗಿ: ತಲೆಯ ಕಡೆ ಎತ್ತರಿಸಿದ್ದ ಮಂಚದ ಮೇಲೆ ರೋಗಿಯೊಬ್ಬರು ಬೋರಲಾಗಿ, ಬೆನ್ನು ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಕೆಲ ನಿಮಿಷ ಮಲಗಿದ್ದು, ವಾರಗಟ್ಟಲೆ ಬಿಡದಿದ್ದ ಕಾಲುನೋವು ಹೋಯಿತೆಂದರಂತೆ.

ಇದರಿಂದ ಮನೆಯಲ್ಲೇ ಬಳಸಬಹುದಾದ ಒಂದು ಗುರುತು ಸಿಗುತ್ತದೆ. ವ್ಯಾಯಾಮ ಮಾಡುತ್ತಿರುವಾಗ ಕಾಲಿಗೋ ಕೈಗೋ ಹರಿಯುತ್ತಿದ್ದ ನೋವು ಹಿಂದೆ ಸರಿದು ಬೆನ್ನಿನ ಅಥವಾ ಕುತ್ತಿಗೆಯ ನಡುವಿಗೆ ಬಂದರೆ, ಅಲ್ಲಿ ಸ್ವಲ್ಪ ಹೆಚ್ಚು ನೋಯುತ್ತಿದ್ದರೂ ಸಾಮಾನ್ಯವಾಗಿ ಅದು ಒಳ್ಳೆಯ ಸೂಚನೆ. ನಡುವಿನಲ್ಲಿದ್ದ ನೋವು ಮೊಣಕಾಲು ದಾಟಿ ಪಾದದ ಕಡೆಗೋ ಬೆರಳುಗಳ ಕಡೆಗೋ ಇಳಿಯತೊಡಗಿದರೆ, ಆ್ಯಪ್‌ ಎಷ್ಟೇ ಹುರಿದುಂಬಿಸಿದರೂ ಆ ವ್ಯಾಯಾಮವನ್ನು ನಿಲ್ಲಿಸಬೇಕು. ವಿಡಿಯೊದಲ್ಲಿರುವ ವ್ಯಕ್ತಿಗೆ ನಿಮ್ಮ ಕಾಲು ಕಾಣುವುದಿಲ್ಲ.

ಕಂಕುಳಲ್ಲಿಕೂಸು
ನನ್ನ ಅನುಭವವನ್ನು ಹೇಳಲೇಬೇಕಾಗಿದೆ. ಹೆರಿಗೆಯಾದ ಐದನೆಯ ತಿಂಗಳಲ್ಲಿ ಬೆನ್ನುನೋವೆಂದು ಒಂದು ಆ್ಯಪ್‌ ಹಾಕಿಕೊಂಡೆ. ಸೇರಿಸಿಕೊಳ್ಳುವಾಗ ಅದು ನನ್ನ ಎತ್ತರ, ತೂಕ, ಗುರಿ, ಇಷ್ಟದ ಬಣ್ಣದವರೆಗೆ ಎಲ್ಲವನ್ನೂ ಕೇಳಿತು. ಕಾಲುಗಳಲ್ಲಿ ಜೋಮು ಇದೆಯೇ, ಮೂತ್ರ ಕಟ್ಟುತ್ತಿದೆಯೇ ಎಂಬುದನ್ನು ಕೇಳಲಿಲ್ಲ. ಎರಡೂ ಇದ್ದವು. ಕೂಸಿನ ಆರೈಕೆಯ ದಣಿವಿರಬೇಕೆಂದು ನಾನೇ ಸಮಾಧಾನ ಹೇಳಿಕೊಂಡು ಮೂರು ದಿನ ಆ್ಯಪ್‌ ಹೇಳಿದಂತೆ ಬಾಗಿದೆ, ಬಳುಕಿದೆ. ನಾಲ್ಕನೆಯ ದಿನ ತೊಡೆಗಳ ನಡುವೆ ಸ್ಪರ್ಶವೇ ತಿಳಿಯದಾದಾಗ ಗೆಳತಿಯೊಬ್ಬಳು ಬಲವಂತವಾಗಿ ಆಸ್ಪತ್ರೆಗೆ ಕರೆದೊಯ್ದಳು. ಅದೇ ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಈಗ ಆರಾಮಾಗಿದ್ದೇನೆ, ಪೂರ್ತಿ ಅಲ್ಲ.

ಚಲನೆ
ಅಕ್ಕಾ, ಇದನ್ನು ಬರೆದದ್ದಕ್ಕೆ ಧನ್ಯವಾದ. ಇದನ್ನು ಕಾಡಾ ಇಕ್ವೈನಾ ಎನ್ನುತ್ತಾರೆ. ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಅದುಮಿಹೋಗುವ ಸ್ಥಿತಿ. ಅಪರೂಪವಾದರೂ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕಾದದ್ದು. ತೊಡೆಸಂದಿನ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ಹತೋಟಿ ತಪ್ಪುವುದು, ಎರಡೂ ಕಾಲು ಸೋಲುವುದು ಕಂಡರೆ ಆ್ಯಪ್‌ ಅಲ್ಲ, ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ಜ್ವರದೊಂದಿಗಿನ ಬೆನ್ನುನೋವು, ಹಿಂದೆ ಕ್ಯಾನ್ಸರ್ ಇದ್ದವರಲ್ಲಿ ಹೊಸದಾಗಿ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಅಥವಾ ಅಪಘಾತದ ನಂತರದ ನೋವು ಇವುಗಳಿಗೂ ಮೊದಲು ವೈದ್ಯರೇ ಬೇಕು. ಕುತ್ತಿಗೆಯ ವಿಷಯದಲ್ಲಿ, ಕೈಗಳ ಹಿಡಿತ ತಪ್ಪಿ ಅಂಗಿಯ ಗುಂಡಿ ಹಾಕುವುದೂ ಕಷ್ಟವಾದರೆ, ನಡೆಯುವಾಗ ಕಾಲು ತೊಡರಿದರೆ ತಡಮಾಡಬಾರದು.

ಯಾವುದೇ ಆ್ಯಪ್‌ ತೆರೆದಾಗ ನಾನು ಮೊದಲು ನೋಡುವುದು ಈ ಪ್ರಶ್ನೆಗಳು ಅಲ್ಲಿವೆಯೇ ಎಂದು. ಇಲ್ಲದಿದ್ದರೆ ಮುಂದಕ್ಕೆ ನೋಡುವ ಗೋಜಿಗೇ ಹೋಗುವುದಿಲ್ಲ.

ಕುರ್ಚಿವಾಸಿ
ಈಗಷ್ಟೇ ಹೊಸ ಖಾತೆ ತೆರೆದು ಪರೀಕ್ಷಿಸಿದೆ. ನನ್ನ ಎರಡನೆಯ ಆ್ಯಪ್‌ ಈ ಪ್ರಶ್ನೆಗಳನ್ನು ಕೇಳುತ್ತದೆ, ಹೌದೆಂದು ಒತ್ತಿದರೆ ಮುಂದೆ ಬಿಡದೆ ವೈದ್ಯರನ್ನು ಕಾಣಲು ಹೇಳುತ್ತದೆ. ಮೊದಲ ಸಲ ನಾನು ಅವನ್ನು ಓದದೆ ಇಲ್ಲ, ಇಲ್ಲ ಎಂದು ಒತ್ತುತ್ತ ಹೋಗಿದ್ದೆನೆಂದು ತೋರುತ್ತದೆ.

ಅನುಮಾನಪ್ಪ
ನೋಡಿದಿರಾ? ಪ್ರಶ್ನೆ ಕೇಳಿದರೂ ಓದುವವರಿಲ್ಲ.

ಹನ್ನೊಂದುವರ್ಷ
ಹನ್ನೊಂದು ವರ್ಷದಿಂದ ಬೆನ್ನುನೋವಿನೊಂದಿಗೆ ಬಾಳುತ್ತಿರುವವಳು ನಾನು, ಆದ್ದರಿಂದ ಈ ಹೆಸರು. ಮೂರನೆಯ ಆ್ಯಪ್‌ ಬಗ್ಗೆ, ಅಂದರೆ ನೋವಿನ ದಿನಚರಿಯ ಬಗ್ಗೆ, ಯಾರೂ ಮಾತಾಡಲಿಲ್ಲ. ನನ್ನ ಮಟ್ಟಿಗೆ ಕುರ್ಚಿವಾಸಿಯವರ ಅಸಲು ಪ್ರಶ್ನೆ ಅದೇ.

ನಾನು ಒಂದೂವರೆ ವರ್ಷ ದಿನಕ್ಕೆ ನಾಲ್ಕು ಬಾರಿ ಅಂಕ ಕೊಟ್ಟಿದ್ದೇನೆ. ಎರಡು ಸಾವಿರಕ್ಕೂ ಮಿಕ್ಕಿದ ಅಂಕಗಳ ಆ ನಕ್ಷೆಯನ್ನು ತಜ್ಞರ ಮುಂದೆ ಹಿಡಿದಾಗ ಅವರು ನೋಡಿದ್ದು ಅರ್ಧ ನಿಮಿಷ. ಬಳಿಕ ಅವರು ಕೇಳಿದ್ದು ಬೇರೆಯದೇ: “ಎಷ್ಟು ದೂರ ನಡೆಯಬಲ್ಲಿರಿ? ಎಷ್ಟು ಹೊತ್ತು ಕೂರಬಲ್ಲಿರಿ? ರಾತ್ರಿ ಎಷ್ಟು ಬಾರಿ ಎಚ್ಚರವಾಗುತ್ತದೆ?” ಈ ಮೂರಕ್ಕೂ ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ನಾನು ನೋವಿಗೆ ಅಂಕ ಕೊಡುವುದನ್ನು ಬಿಟ್ಟು, ವಾರಕ್ಕೊಂದು ಬಾರಿ, ಭಾನುವಾರ ಸಂಜೆ, ಆ ವಾರ ಏನೇನು ಮಾಡಲಾಯಿತೆಂದು ಬರೆಯುತ್ತೇನೆ. ಅದೇ ಆ್ಯಪ್‌ನ ಟಿಪ್ಪಣಿಯ ಜಾಗದಲ್ಲಿ ಬರೆಯುತ್ತೇನೆ. ಅಂಕದ ಜಾಗ ಖಾಲಿ ಬಿಟ್ಟರೂ ಅದು ಮುನಿಸಿಕೊಳ್ಳುವುದಿಲ್ಲ.

ದಿನಚರಿಗೆ ಉಪಯೋಗವೇ ಇಲ್ಲವೆಂದು ಹೇಳಲಾರೆ. ಹೊಸ ಔಷಧ ಶುರುಮಾಡಿದಾಗ, ಕೆಲಸದ ಪಾಳಿ ಬದಲಾದಾಗ ಎರಡು ಮೂರು ವಾರ ದಿನಾ ಬರೆದರೆ ಏನಾದರೂ ಕಾಣಬಹುದು. ಬರೆಯುವುದಕ್ಕೆ ಒಂದು ಕೊನೆಯ ದಿನ ಇರಬೇಕು, ಅಷ್ಟೆ. ಆ್ಯಪ್‌ ಆ ಕೊನೆಯ ದಿನವನ್ನು ತಾನಾಗಿ ಎಂದೂ ಸೂಚಿಸುವುದಿಲ್ಲ.

ಕೋಡುಗಾರ
ಸೂಚಿಸದಿರುವುದು ಮರೆವಿನಿಂದಲ್ಲ. ಎಷ್ಟು ಜನ ದಿನವೂ ತೆರೆಯುತ್ತಾರೆ ಎಂಬುದೇ ಕಂಪನಿಯೊಳಗೆ ಎಲ್ಲರೂ ನೋಡುವ ಅಂಕಿ. ಗುಣವಾಗಿ ಆ್ಯಪ್‌ ಬಿಟ್ಟವರೂ, ಬೇಸತ್ತು ಬಿಟ್ಟವರೂ ನಮ್ಮ ನಕ್ಷೆಯಲ್ಲಿ ಒಂದೇ ರೀತಿ ಕಾಣುತ್ತಿದ್ದರು. ಸತತ ದಿನಗಳ ಎಣಿಕೆ ಹುಟ್ಟಿದ್ದೂ ಅಲ್ಲಿಂದಲೇ, ಬೆನ್ನಿನ ಶಾಸ್ತ್ರದಿಂದಲ್ಲ.

ನಕ್ಷತ್ರಗಳ ಬಗ್ಗೆಯೂ ಹೇಳಿಬಿಡುತ್ತೇನೆ. ವ್ಯಾಯಾಮ ಮುಗಿಸಿ, ನೋವು ಕಡಿಮೆಯಾಗಿದೆ ಎಂದು ಒತ್ತಿದ ಮರುಕ್ಷಣವೇ ನಾವು ‘ಮೌಲ್ಯಮಾಪನ ಮಾಡಿ’ ಎಂದು ಕೇಳುತ್ತಿದ್ದೆವು. ನೋವು ಹೆಚ್ಚಾಯಿತೆಂದವರಿಗೆ ಆ ಕಿಟಕಿ ತೆರೆಯುತ್ತಲೇ ಇರಲಿಲ್ಲ. ಐದಕ್ಕೆ ನಾಲ್ಕೂವರೆ ನಕ್ಷತ್ರ ಕಂಡಾಗ ಇದು ನೆನಪಿರಲಿ.

ಕುರ್ಚಿವಾಸಿ
ಇದನ್ನು ಓದಿ 24ನೆಯ ದಿನದ ನನ್ನ ಅಪರಾಧಪ್ರಜ್ಞೆ ಅರ್ಧದಷ್ಟು ಇಳಿಯಿತು, ಕೋಪ ಅಷ್ಟೇ ಏರಿತು.

ಗೌಪ್ಯ
ಮಾಹಿತಿಯ ವಿಷಯವನ್ನೂ ಎತ್ತುತ್ತೇನೆ. ನಿಮ್ಮ ನೋವು, ನಿದ್ದೆ, ಮನಸ್ಥಿತಿ, ಔಷಧ ಎಲ್ಲವೂ ಆ್ಯಪ್‌ಗೆ ಗೊತ್ತು. ಆ್ಯಪ್‌ ಅಂಗಡಿಯಲ್ಲಿ ಕಾಣುವ ಗೌಪ್ಯತೆಯ ಪಟ್ಟಿಯನ್ನು ಆ್ಯಪಲ್ 2020ರ ಡಿಸೆಂಬರ್‌ನಲ್ಲೂ ಗೂಗಲ್ 2022ರಲ್ಲೂ ತಂದವು. ಆದರೆ ಆ ಪಟ್ಟಿಯನ್ನು ತುಂಬುವವರು ಆ್ಯಪ್‌ ಮಾಡಿದವರೇ. ಖಾತೆ ಅಳಿಸಿದರೆ ಮಾಹಿತಿಯೂ ಅಳಿಯುತ್ತದೆಯೇ, ಮಾಹಿತಿ ಫೋನಿನಲ್ಲೇ ಉಳಿಯುತ್ತದೆಯೇ ಎಂಬುದನ್ನು ನೀತಿಪತ್ರದಲ್ಲಿ ಓದಿ. ಮೂರು ಹೊತ್ತು ಅಂಕ ತುಂಬಲು ಸಮಯವಿದ್ದವರಿಗೆ ಇದನ್ನು ಓದಲೂ ಸಮಯ ಸಿಕ್ಕೀತು.

ಅನುಮಾನಪ್ಪ
ಇವರು ನನಗಿಂತ ಖಾರ.

ಹೊಸಹುರುಪು
ನೀವೆಲ್ಲರೂ ಆ್ಯಪ್‌ಗಳನ್ನು ಬಹಳ ಹಗುರ ಮಾಡುತ್ತಿದ್ದೀರಿ. ಜರ್ಮನಿಯಲ್ಲಿ ವೈದ್ಯರು ಔಷಧದಂತೆ ಆ್ಯಪ್‌ ಬರೆದುಕೊಡುತ್ತಾರೆ, ವಿಮೆ ಅದರ ಹಣ ಕೊಡುತ್ತದೆ. ‘ಕಾಯಾ’ ಎಂಬ ಆ್ಯಪ್‌ ಫಿಸಿಯೋಥೆರಪಿಯನ್ನೇ ಸೋಲಿಸಿದ ಅಧ್ಯಯನವಿದೆ. ನೋವು ಮೆದುಳಿನಲ್ಲಿದೆ ಎಂದು ಕಲಿಸುವ ಆ್ಯಪ್‌ಗಳಿಂದ ಮೂವರಲ್ಲಿ ಇಬ್ಬರು ನೋವಿನಿಂದ ಮುಕ್ತರಾಗಿದ್ದಾರೆ.

ಅಂಕಿಪ್ರೇಮಿ
ಒಂದೊಂದಾಗಿ ನೋಡೋಣ, ಏಕೆಂದರೆ ಮೂರರಲ್ಲೂ ಒಂದಂಶ ನಿಜವಿದೆ.

ಜರ್ಮನಿಯ ಮಾತು ನಿಜ. 2019ರ ಕೊನೆಯಲ್ಲಿ ಬಂದ ಕಾನೂನಿನ ಬಲದಿಂದ 2020ರ ಅಕ್ಟೋಬರ್‌ನಲ್ಲಿ ಮೊದಲ ಆ್ಯಪ್‌ಗಳು ಸರ್ಕಾರಿ ಪಟ್ಟಿ ಸೇರಿದವು. ಆದರೆ ಪ್ರಯೋಜನ ಸಾಬೀತಾಗದ ಆ್ಯಪ್‌ ಕೂಡ ತಾತ್ಕಾಲಿಕವಾಗಿ ಪಟ್ಟಿ ಸೇರಬಹುದು. ಪುರಾವೆ ಒದಗಿಸಲು ಅದಕ್ಕೆ ಕಾಲಾವಕಾಶ ಕೊಡುತ್ತಾರೆ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಪರೀಕ್ಷೆ ಪಾಸಾಗಿದೆ ಎಂದರ್ಥವಲ್ಲ.

ಕಾಯಾದ ಅಧ್ಯಯನ 2019ರದ್ದು, 101 ಜನರದ್ದು. ಹನ್ನೆರಡು ವಾರಗಳ ಬಳಿಕ ಹತ್ತರ ಅಳತೆಯಲ್ಲಿ ಆ್ಯಪ್‌ ಗುಂಪಿನ ನೋವು 2.7, ಇನ್ನೊಂದು ಗುಂಪಿನದು 3.4. ಆ ಇನ್ನೊಂದು ಗುಂಪಿಗೆ ಸಿಕ್ಕಿದ್ದು ಆರು ಬಾರಿಯ ಫಿಸಿಯೋಥೆರಪಿ ಮತ್ತು ಅಂತರ್ಜಾಲದ ಮಾಹಿತಿ ಮಾತ್ರ. ಮುಕ್ಕಾಲು ಅಂಕಕ್ಕಿಂತಲೂ ಸ್ವಲ್ಪ ಕಡಿಮೆಯಾದ ಈ ಅಂತರವನ್ನು ಸೋಲಿಸುವುದು ಎಂದು ಕರೆಯಲು ನನಗೆ ಧೈರ್ಯವಿಲ್ಲ.

ಮೂರನೆಯದರಲ್ಲಿ ನೀವು ಎರಡು ವಿಷಯಗಳನ್ನು ಬೆರೆಸಿದ್ದೀರಿ. ದೀರ್ಘಕಾಲದ ಬೆನ್ನುನೋವಿದ್ದ 151 ಜನರ ಪ್ರಯೋಗವೊಂದರಲ್ಲಿ, ನೋವನ್ನು ಅಪಾಯವಲ್ಲದ ಸಂಕೇತವೆಂದು ಮರುಗ್ರಹಿಸಲು ಕಲಿಸುವ ಚಿಕಿತ್ಸೆ ಪಡೆದ ಗುಂಪಿನ 66 ಪ್ರತಿಶತ ಮಂದಿ ನೋವಿಲ್ಲದ ಅಥವಾ ನೋವು ತೀರಾ ಕಡಿಮೆಯಾದ ಸ್ಥಿತಿಗೆ ಬಂದರು, ನಿಜ. ಆದರೆ ಅದನ್ನು ಕೊಟ್ಟವರು ನಾಲ್ಕು ವಾರ ಎದುರು ಕೂತು ಮಾತಾಡಿದ ಚಿಕಿತ್ಸಕರು. ಆ ಅಂಕಿಯನ್ನು ಆ್ಯಪ್‌ನ ಹೆಗಲಿಗೆ ಏರಿಸುವಂತಿಲ್ಲ.

ಹೊಸಹುರುಪು
ತಿದ್ದಿದ್ದಕ್ಕೆ ಧನ್ಯವಾದ. ಆದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಲು ಸಮಯವೂ ಹತ್ತಿರದಲ್ಲಿ ಕ್ಲಿನಿಕ್ಕೂ ಇಲ್ಲದವರಿಗೆ ಫೋನಾದರೂ ಇದೆ ಎಂಬ ನನ್ನ ಮೂಲ ಮಾತು ಬಿದ್ದುಹೋಗಲಿಲ್ಲ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಕೆಳಬೆನ್ನು ನೋವಿತ್ತು ಎಂಬ ಅಂದಾಜಿದೆ. ಅಷ್ಟೂ ಮಂದಿಗೆ ಚಲನೆಯವರು ಒಬ್ಬರೇ ಸಾಲುತ್ತಾರೆಯೇ?

ಚಲನೆ
ನನ್ನ ಈ ವಾರದ ಸರದಿಪಟ್ಟಿ ನೋಡಿದರೆ, ಅವರೆಲ್ಲರೂ ಆಗಲೇ ಬಂದು ಕಾಯುತ್ತಿರುವಂತಿದೆ. ನಿಮ್ಮ ಮಾತನ್ನು ಒಪ್ಪುತ್ತೇನೆ. ನಾನೇ ಕೆಲವರಿಗೆ ಆ್ಯಪ್‌ ಸೂಚಿಸುತ್ತೇನೆ: ಎರಡು ಮೂರು ಬಾರಿ ನೋಡಿ, ಅವರ ದೇಹ ಯಾವ ಕಡೆಗೆ ಒಲಿಯುತ್ತದೆಂದು ತಿಳಿದ ಮೇಲೆ, ಮನೆಯಲ್ಲಿ ಮರೆಯದಿರಲೆಂದು. ಯಾವ ಬಗೆಯ ವ್ಯಾಯಾಮ ಎಂಬುದಕ್ಕಿಂತ, ತಿಂಗಳುಗಟ್ಟಲೆ ಬಿಡದೆ ಮಾಡುವುದು ಮುಖ್ಯ ಎಂಬುದು ನನ್ನ ಅನುಭವ.

ನಡಿಗೆ
ನಡೆದರೆ ಸಾಕು, ಯಾವ ಆ್ಯಪ್‌ ಕೂಡ ಬೇಡ. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದ ಪ್ರಯೋಗ 2024ರಲ್ಲಿ ಪ್ರಕಟವಾಗಿದೆ. ನಡೆದವರಲ್ಲಿ ನೋವು ಮರುಕಳಿಸಲು ಮಧ್ಯಮಾನ 208 ದಿನ ಹಿಡಿಯಿತು, ಉಳಿದವರಲ್ಲಿ 112 ದಿನ.

ಅಂಕಿಪ್ರೇಮಿ
ಒಳ್ಳೆಯ ಪ್ರಯೋಗ. ಅದರಲ್ಲಿದ್ದವರು ನೋವಿನಿಂದ ಆಗಷ್ಟೇ ಚೇತರಿಸಿಕೊಂಡವರು. ಮತ್ತೆ ಬರದಂತೆ ತಡೆಯುವುದು ಅಲ್ಲಿನ ಗುರಿ. ನಡಿಗೆಯ ಯೋಜನೆ ಹಾಕಿಕೊಟ್ಟು ಬೆನ್ನುಹತ್ತಿದ ಫಿಸಿಯೋಥೆರಪಿಸ್ಟ್ ಕೂಡ ಜೊತೆಗಿದ್ದರು.

ನಡಿಗೆ
ಬೆನ್ನುನೋವಿನವರ ಬೆನ್ನುಹತ್ತುವುದು! ಆಯಿತು, ಆದರೂ ನನ್ನ ಬೂಟುಗಳು ನೋಟಿಫಿಕೇಶನ್ ಕಳಿಸುವುದಿಲ್ಲ.

ಕೋಡುಗಾರ
ಹೆಜ್ಜೆ ಎಣಿಸುವವರು ಗಮನಿಸಿ: ಫೋನು ಮೇಜಿನ ಮೇಲಿದ್ದರೆ ನೀವು ನಡೆದದ್ದು ಅದಕ್ಕೆ ತಿಳಿಯುವುದಿಲ್ಲ. ದಿನದ ಒಟ್ಟು ಎಷ್ಟೆಂದು ತಲೆಕೆಡಿಸಿಕೊಳ್ಳದೆ, ಹೋದ ವಾರಕ್ಕಿಂತ ಈ ವಾರ ಹೇಗಿದೆ ಎಂದಷ್ಟೇ ನೋಡಿ.

ಎಡಬದಿಮಲಗುವವ
ನಿಂತು ಕೆಲಸ ಮಾಡುವ ಮೇಜಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಹನ್ನೊಂದುವರ್ಷ
ಅದಕ್ಕೊಂದು ಹೊಸ ಚರ್ಚೆ ತೆರೆಯಿರಿ, ದಿಂಬನ್ನೂ ಅಲ್ಲಿಗೇ ತನ್ನಿ. ಇಲ್ಲಿ ಆ್ಯಪ್‌ಗಳ ವಿಚಾರವೇ ಇನ್ನೂ ಮುಗಿದಿಲ್ಲ.

ಕುರ್ಚಿವಾಸಿ
ಆರು ವಾರಗಳ ಬಳಿಕ ಮರಳಿ ಬಂದಿದ್ದೇನೆ. ನಡುಗುವ ಆ್ಯಪ್‌ ಅಂದೇ ಹೋಯಿತು. ಅದರ ಬದಲು ಅರ್ಧ ಗಂಟೆಗೊಮ್ಮೆ ಏಳಿಸುವ ಅಲಾರಂ ಇಟ್ಟೆ, ಎರಡರಲ್ಲಿ ಒಂದು ಬಾರಿಯಾದರೂ ಏಳುತ್ತೇನೆ. ದಿನಚರಿಯನ್ನು ಭಾನುವಾರಕ್ಕೆ ಸರಿಸಿ, ಎಷ್ಟು ಹೊತ್ತು ಕೂರಲಾಯಿತು, ಎಷ್ಟು ನಡೆಯಲಾಯಿತು ಎಂದು ಬರೆಯುತ್ತಿದ್ದೇನೆ. ಮೊದಲ ವಾರ 25 ನಿಮಿಷಕ್ಕೇ ಎದ್ದು ನಿಲ್ಲಬೇಕಾಗುತ್ತಿತ್ತು, ಈಗ 50 ನಿಮಿಷ ಕೂರಬಲ್ಲೆ. ವ್ಯಾಯಾಮದ ಆ್ಯಪ್‌ ಉಳಿಸಿಕೊಂಡು, ಸತತ ದಿನಗಳ ಎಣಿಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನಿಲ್ಲಿಸಿದೆ. ಅದನ್ನು ನಾಲ್ಕು ಪುಟಗಳ ಆಳದಲ್ಲಿ ಹೂತಿಟ್ಟಿದ್ದರು. ವಾರಕ್ಕೆ ನಾಲ್ಕು ದಿನ ಮಾಡುತ್ತೇನೆ.

ಬೆನ್ನು ಎಷ್ಟೋ ವಾಸಿ. ಕುತ್ತಿಗೆ ಮಾತ್ರ ಹಟ ಬಿಟ್ಟಿಲ್ಲ. ಒಂದು ವ್ಯಾಯಾಮ ಮಾಡಿದಾಗ ನೋವು ಬಲಗೈಯ ಮೊಣಕೈವರೆಗೆ ಇಳಿಯುತ್ತಿತ್ತು. ಚಲನೆಯವರ ಮಾತು ನೆನಪಾಗಿ ಅದನ್ನು ನಿಲ್ಲಿಸಿ, ಇಲ್ಲಿನ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಗುರುವಾರಕ್ಕೆ ಸಮಯ ಪಡೆದಿದ್ದೇನೆ. ಆ್ಯಪ್‌ನಲ್ಲಿ ಮಾಡಿದ ವ್ಯಾಯಾಮಗಳ ವಿವರವನ್ನು ಅವರಿಗೆ ತೋರಿಸುವುದು ಹೇಗೆ?

ಕೋಡುಗಾರ
ಖಾತೆಯ ಪುಟದಲ್ಲಿ ‘ಮಾಹಿತಿ ರಫ್ತು’ ಎಂಬ ಗುಂಡಿ ಇರಬಹುದು, ಪಿಡಿಎಫ್ ಸಿಗುತ್ತದೆ. ಇಲ್ಲವಾದರೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

ಚಲನೆ
ಪಿಡಿಎಫ್ ಇರಲಿ, ಜೊತೆಗೆ ಕೈಗೆ ನೋವಿಳಿಸಿದ ಆ ಒಂದು ವ್ಯಾಯಾಮದ ವಿಡಿಯೊವನ್ನು ತೆರೆದಿಟ್ಟುಕೊಂಡೇ ಹೋಗಿ. ಅವರು ಮೊದಲು ಕೇಳುವುದು ಅದನ್ನೇ.

ಕುರ್ಚಿವಾಸಿ
ಗುಂಡಿ ಸಿಕ್ಕಿತು. ಹದಿನಾಲ್ಕು ಪುಟ ಬಂದಿದೆ, ಅದರಲ್ಲಿ ಒಂಬತ್ತು ಪುಟ ನನಗೆ ಸಿಕ್ಕ ಪದಕಗಳ ಚಿತ್ರ.

ಅನುಮಾನಪ್ಪ
ಪದಕಗಳನ್ನು ಮನೆಯಲ್ಲೇ ಬಿಟ್ಟು ಹೋಗಿ.